ತಂದ ಅನುದಾನ, ಬಂದ ಅನುದಾನ

ನಮ್ಮ ಬೀದರ ಕಡೆ ಸರ್ಕಾರದ ದುಡ್ಡಿಗೆ ಎರಡು ಕ್ರಿಯಾಪದಗಳಿವೆ. ಪಡಿತರ ಅಕ್ಕಿ ‘ಬರುತ್ತದೆ’, ವೃದ್ಧಾಪ್ಯ ವೇತನ ‘ಬರುತ್ತದೆ’, ಈಗ ಗೃಹಲಕ್ಷ್ಮಿಯ ಎರಡು ಸಾವಿರವೂ ‘ಬರುತ್ತದೆ’. ಓಣಿಯ ಸಿಸಿ ರಸ್ತೆ, ಗುಡಿ ಮುಂದಿನ ಹೈಮಾಸ್ಟ್ ದೀಪ, ಸಮುದಾಯ ಭವನ ಮಾತ್ರ ಬರುವುದಿಲ್ಲ. ಅವನ್ನು ಯಾರೋ ‘ತರುತ್ತಾರೆ’. ತಂದವರ ಹೆಸರನ್ನು ಕರಿಕಲ್ಲಿನ ಫಲಕದಲ್ಲಿ ಕೆತ್ತಿರುತ್ತಾರೆ. ರಸ್ತೆ ಕಿತ್ತುಹೋದ ಮೇಲೂ ಫಲಕ ಗಟ್ಟಿಯಾಗಿ ನಿಂತಿರುತ್ತದೆ.

ಖಜಾನೆ ಒಂದೇ, ತೆರಿಗೆ ಕಟ್ಟುವವರೂ ಅದೇ ಜನ. ಹಾಗಿದ್ದೂ ಒಂದು ತಾನಾಗಿ ಬರುತ್ತದೆ, ಇನ್ನೊಂದನ್ನು ತರಬೇಕಾಗುತ್ತದೆ, ಯಾಕೆ? ಜನಪ್ರತಿನಿಧಿಗಳು ಸರ್ಕಾರದ ಖರ್ಚನ್ನು ತಮ್ಮ ಕ್ಷೇತ್ರದ ಕಡೆ ಹೇಗೆ ತಿರುಗಿಸುತ್ತಾರೆ, ಯಾಕೆ ತಿರುಗಿಸುತ್ತಾರೆ, ಅದರಿಂದ ಯಾರಿಗೆ ಏನು ದಕ್ಕುತ್ತದೆ ಎಂಬ ಬಗ್ಗೆ ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಐವತ್ತು ವರ್ಷಗಳಿಂದ ಜಗಳ ನಡೆದಿದೆ. ಅಮೆರಿಕದವರು ಇದಕ್ಕೆ ‘ಹಂದಿಮಾಂಸದ ಪೀಪಾಯಿ’ ಎಂದು ಹೀನಾಯದ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಅಂಥ ಬೈಗುಳವೇ ಇಲ್ಲ. ‘ಅನುದಾನ ತರುವ ಶಾಸಕ’ ಎಂಬುದು ಇಲ್ಲಿ ಬಿರುದು.

ಈ ಜಗಳವನ್ನು ಠಾಣಾ ಕುಶನೂರದಲ್ಲಿ ನಿಂತು ನೋಡಲು ಒಂದು ಕಾರಣವಿದೆ. ಔರಾದ ತಾಲ್ಲೂಕಿನ ಹೋಬಳಿ ಕೇಂದ್ರವಾಗಿದ್ದ ಈ ಊರು ಈಗ ಹೊಸ ಕಮಲನಗರ ತಾಲ್ಲೂಕಿಗೆ ಸೇರಿದೆ. ವಿಧಾನಸಭೆಗೆ ಔರಾದ ಕ್ಷೇತ್ರ. ಆಚೆ ಭಾಲ್ಕಿ ಕ್ಷೇತ್ರ. ಕಲೆಕ್ಟರ್ ಆಫೀಸಿನ ಕೆಲಸಕ್ಕೆ ಬೀದರ. 2008ರಿಂದ ಔರಾದದಲ್ಲಿ ಬಿಜೆಪಿಯ ಪ್ರಭು ಚವ್ಹಾಣ, ಭಾಲ್ಕಿಯಲ್ಲಿ ಕಾಂಗ್ರೆಸ್ಸಿನ ಈಶ್ವರ ಖಂಡ್ರೆ, ಇಬ್ಬರೂ ಸತತ ನಾಲ್ಕು ಸಲ ಗೆದ್ದಿದ್ದಾರೆ. ಬೆಂಗಳೂರಿನಲ್ಲಿ ಸರ್ಕಾರ ಬದಲಾದಾಗಲೆಲ್ಲ ಒಬ್ಬರು ಆಡಳಿತ ಪಕ್ಷದ ಕಡೆ, ಇನ್ನೊಬ್ಬರು ವಿರೋಧ ಪಕ್ಷದ ಕಡೆ. ಮಣ್ಣು ಒಂದೇ, ಬೆಳೆ ಅದೇ ತೊಗರಿ–ಸೋಯಾ, ಬರ ಬಂದರೂ ಇಬ್ಬರಿಗೂ. ಪಕ್ಷ ಮಾತ್ರ ಬೇರೆ. ಸಂಶೋಧಕರು ಹುಡುಕಿಕೊಂಡು ಹೋಗುವಂಥ ಜೋಡಿ ಇದು.

ಅಹವಾಲಿನಿಂದ ಅನುದಾನಕ್ಕೆ

ಊರಿನ ಬೇಡಿಕೆಯನ್ನು ಪ್ರತಿನಿಧಿಯ ಬಾಯಿಂದ ಹೇಳಿಸುವ ರೂಢಿ ಕನ್ನಡ ನಾಡಿಗೆ ಹಳೆಯದು, ಆದರೆ ಎಲ್ಲ ಕಡೆಗೂ ಒಂದೇ ಕಾಲಕ್ಕೆ ಬಂದದ್ದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ದಸರಾ ಹೊತ್ತಿಗೆ ಸೇರುತ್ತಿದ್ದ ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಆದರೂ ತಾಲ್ಲೂಕಿನಿಂದ ಬಂದವರು ಕೆರೆ, ರಸ್ತೆ, ಶಾಲೆ ಎಂದು ಅಹವಾಲು ಸಲ್ಲಿಸುತ್ತಿದ್ದರು, ದಿವಾನರು ಉತ್ತರ ಕೊಡುತ್ತಿದ್ದರು. ನಿಜಾಮನ ಬೀದರಿಗೆ ಇದರ ಗಾಳಿಯೂ ಬೀಸಲಿಲ್ಲ. ಜಾಗೀರು, ಪಾಯಗಾಗಳ ಆ ಸೀಮೆಯಲ್ಲಿ ಕೇಳುವ ದಾರಿ ಎಂದರೆ ಅರ್ಜಿ, ಮೇಲೊಂದು ಸಲಾಂ. 1956ರಲ್ಲಿ ಎರಡೂ ಪ್ರದೇಶಗಳು ಒಂದೇ ವಿಧಾನಸಭೆಯಲ್ಲಿ ಕೂತಾಗ, ಒಬ್ಬರು ಎಪ್ಪತ್ತೈದು ವರ್ಷ ಕೇಳಿ ಪಳಗಿದವರು, ಇನ್ನೊಬ್ಬರು ಹೊಸಬರು. ಮೇಲಾಗಿ ಹಳೆಯ ಬೀದರ ಜಿಲ್ಲೆಯೇ ಮೂರು ಪಾಲಾಗಿತ್ತು. ಉದಗೀರ, ನಿಲಂಗಾ, ಅಹಮದಪುರ ಮರಾಠಿ ಸೀಮೆಗೆ ಹೋದವು, ಜಹೀರಾಬಾದ, ನಾರಾಯಣಖೇಡ ತೆಲುಗಿನ ಕಡೆ ಹೋದವು. ಉಳಿದ ತುಂಡು ರಾಜಧಾನಿಯಿಂದ ಅತಿ ದೂರದ ಜಿಲ್ಲೆಯಾಯಿತು. ಉತ್ತರದ ಹಿಂದುಳಿಯುವಿಕೆಗೆ ಮಳೆ, ಮಣ್ಣುಗಳ ಕಾರಣ ಹೇಳುವವರು ಈ ಅನುಭವದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ.

ಮುಂದೆ ಯೋಜನೆಗಳ ಕಾಲ. ಕಾರಂಜಾದಂಥ ಅಣೆಕಟ್ಟು ಬಂದದ್ದು ಇಲಾಖೆಯ ಮೂಲಕ. ಅದರ ಹಿಂದೆ ನಾಯಕರ ಒತ್ತಡ ಇತ್ತು, ಆದರೆ ಯಾವ ಶಾಸಕನ ಕೈಯಲ್ಲೂ ಚೆಕ್‌ಬುಕ್ ಇರಲಿಲ್ಲ. 1987ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ, ಅಬ್ದುಲ್ ನಜೀರ್ ಸಾಬರ ಹಟದಿಂದ, ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರವನ್ನೂ ಹಣವನ್ನೂ ಕೊಟ್ಟಿತು. ಶಾಸಕರಿಗೆ ಇದು ಹಿಡಿಸಲಿಲ್ಲ ಎಂಬುದು ಗುಟ್ಟೇನಲ್ಲ. ಹಳ್ಳಿಯ ರಸ್ತೆ, ಶಾಲೆ, ಕೊಳವೆಬಾವಿ ಪರಿಷತ್ತಿನ ಪಾಲಾದರೆ ಶಾಸಕನ ಮನೆ ಮುಂದೆ ನಿಲ್ಲುವವರು ಯಾರು?

ಉತ್ತರ ಆರೇ ವರ್ಷಕ್ಕೆ ದಿಲ್ಲಿಯಿಂದ ಬಂತು. 1993ರ ಡಿಸೆಂಬರ್‌ನಲ್ಲಿ ಪಿ.ವಿ. ನರಸಿಂಹ ರಾವ್ ಸರ್ಕಾರ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯನ್ನು ತಂದಿತು. ಮೊದಲ ವರ್ಷ 5 ಲಕ್ಷ, ಆಮೇಲೆ 1 ಕೋಟಿ, 1998ರಲ್ಲಿ 2 ಕೋಟಿ, 2011ರಿಂದ 5 ಕೋಟಿ. ಪಂಚಾಯತ್‌ಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಜಾರಿಯಾದದ್ದೂ 1993ರಲ್ಲೇ. ಒಂದು ಕೈ ಕೆಳಕ್ಕೆ ಕೊಡುತ್ತಿದ್ದಾಗ ಇನ್ನೊಂದು ಕೈ ಮೇಲಿನಿಂದ ಬೇರೆ ಕೊಳವೆ ಹಾಕುತ್ತಿತ್ತು. ಕೆಲವೇ ವರ್ಷಗಳಲ್ಲಿ ಕರ್ನಾಟಕವೂ ಶಾಸಕರಿಗೆ ಅಂಥದೇ ನಿಧಿ ಮಾಡಿತು.

ಎರಡು ಕೋಟಿಯ ಸದ್ದು

‘ಶಾಸಕರ ನಿಧಿ’ ಎಂದೊಡನೆ ಎಲ್ಲರ ಕಣ್ಣೂ ಬೀಳುವುದು ಈ ಯೋಜನೆಯ ಮೇಲೆ. ಕರ್ನಾಟಕದಲ್ಲಿ ಅದು ಶಾಸಕರಿಗೂ ವಿಧಾನ ಪರಿಷತ್ ಸದಸ್ಯರಿಗೂ ವರ್ಷಕ್ಕೆ ತಲಾ 2 ಕೋಟಿ. ಇಬ್ಬರೂ ಸೇರಿ 299 ಜನ. ಒಟ್ಟು 600 ಕೋಟಿ ದಾಟದು. 2025–26ರ ರಾಜ್ಯ ಬಜೆಟ್ 4 ಲಕ್ಷ ಕೋಟಿಗೂ ಮೇಲೆ. ಅಂದರೆ ಸಾವಿರ ರೂಪಾಯಿಯಲ್ಲಿ ಒಂದೂವರೆ ರೂಪಾಯಿಯಷ್ಟು. ಸಂಸದರದ್ದೂ ಇದೇ ಕತೆ. ಬೀದರ ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳು, ಜಿಲ್ಲೆಯ ಆರರ ಜತೆ ಆಳಂದ ಮತ್ತು ಚಿಂಚೋಳಿ. ಐದು ಕೋಟಿಯನ್ನು ಸಮ ಹಂಚಿದರೆ ಔರಾದಕ್ಕೆ ವರ್ಷಕ್ಕೆ 62 ಲಕ್ಷ ಚಿಲ್ಲರೆ.

ನಿಜವಾದ ತಿರುಗಣಿ ಬೇರೆ ಕಡೆ ಇದೆ. ಲೋಕೋಪಯೋಗಿ ಇಲಾಖೆಯ ‘ಅಪೆಂಡಿಕ್ಸ್–ಇ’ ಪಟ್ಟಿಯಲ್ಲಿ ರಸ್ತೆಯ ಹೆಸರು ಸೇರಬೇಕು. ಸಣ್ಣ ಮೊತ್ತವಿಟ್ಟು ಸೇರಿಸಿದರೂ ಸಾಕು, ಭೂಮಿಪೂಜೆ ಮಾಡಬಹುದು, ಬಿಲ್ಲು ಮುಂದೆ ನೋಡಿಕೊಂಡರಾಯಿತು. ಗ್ರಾಮೀಣಾಭಿವೃದ್ಧಿ, ಸಣ್ಣ ನೀರಾವರಿ, ಸಮಾಜ ಕಲ್ಯಾಣ, ವಸತಿ, ಹೀಗೆ ಒಂದೊಂದು ಇಲಾಖೆಯಲ್ಲೂ ಸಚಿವರ ಟಿಪ್ಪಣಿಯಿಂದ ಸಾಗುವ ಕಾಮಗಾರಿಗಳಿರುತ್ತವೆ. ತಾಲ್ಲೂಕಿನ ಪ್ರಗತಿ ಪರಿಶೀಲನಾ (ಕೆಡಿಪಿ) ಸಭೆಯ ಕುರ್ಚಿಯಲ್ಲಿ ಶಾಸಕರು, ಜಿಲ್ಲೆಯ ಸಭೆಯ ಕುರ್ಚಿಯಲ್ಲಿ ಉಸ್ತುವಾರಿ ಸಚಿವರು. ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಅದಕ್ಕೆ 2023–24ರಿಂದ ಬಜೆಟ್‌ನಲ್ಲಿ 5,000 ಕೋಟಿ ತೋರಿಸಲಾಗುತ್ತಿದೆ. ಏಳು ಜಿಲ್ಲೆಗಳ 41 ಕ್ಷೇತ್ರಗಳಿಗೆ ಸರಾಸರಿ ಹಾಕಿದರೆ ಕ್ಷೇತ್ರಕ್ಕೆ 120 ಕೋಟಿಗೂ ಹೆಚ್ಚು. ಕಾಗದದ ಮೇಲಿನ ಸರಾಸರಿ ಇದು. ಘೋಷಣೆ, ಬಿಡುಗಡೆ, ಖರ್ಚು ಮೂರೂ ಬೇರೆ ಬೇರೆ ಅಂಕಿ ಎಂಬುದು ಬಜೆಟ್ ಓದುವವರಿಗೆಲ್ಲ ಗೊತ್ತು. ಆದರೂ ಎರಡು ಕೋಟಿಯ ಮುಂದೆ ಇದನ್ನು ಇಟ್ಟು ನೋಡಿ. ನಮ್ಮ ಚರ್ಚೆಯೆಲ್ಲ ಚಿಲ್ಲರೆ ಡಬ್ಬಿಯ ಸುತ್ತ ನಡೆಯುತ್ತದೆ, ಕಪಾಟಿನ ಕೀಲಿ ಯಾರ ಸೊಂಟದಲ್ಲಿದೆ ಎಂದು ಕೇಳುವವರಿಲ್ಲ.

ಮತದ ಲೆಕ್ಕ ಹಿಡಿದವರು

ಅತ್ಯಂತ ಪ್ರಭಾವಿ ವಿವರಣೆ ಮತದ್ದು. 1974ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಡೇವಿಡ್ ಮೇಹ್ಯೂ, ಅಲ್ಲಿನ ಸಂಸದರು ಮಾಡುವುದನ್ನೆಲ್ಲ ಮರುಚುನಾವಣೆಯ ಆಸೆಯೊಂದರಿಂದಲೇ ವಿವರಿಸಬಹುದು ಎಂದು ವಾದಿಸಿದರು. ಸಂಸದನಿಗೆ ಬೇಕಾದದ್ದು ‘ಇದು ನನ್ನಿಂದಾಯಿತು’ ಎಂದು ಹೇಳಿಕೊಳ್ಳಬಹುದಾದ ಕೆಲಸ. ದೇಶದ ಹಣದುಬ್ಬರ ಇಳಿದರೆ ಅದು ತನ್ನಿಂದ ಎಂದರೆ ಯಾರೂ ನಂಬುವುದಿಲ್ಲ. ಊರಿನ ಸೇತುವೆ ತನ್ನಿಂದ ಎಂದರೆ ನಂಬುತ್ತಾರೆ. ಸಿಸಿ ರಸ್ತೆಯ ಮೇಲೆ ನಮ್ಮ ಶಾಸಕರಿಗಿರುವ ಮೋಹಕ್ಕೆ ಇಷ್ಟು ಚೊಕ್ಕ ವಿವರಣೆ ಇನ್ನೊಂದಿಲ್ಲ. ಅದು ಓಣಿ ಓಣಿಗೆ ತುಂಡು ಮಾಡಬಹುದಾದ ಕೆಲಸ, ಒಂದು ಬೇಸಿಗೆಯಲ್ಲಿ ಮುಗಿಯುತ್ತದೆ, ಫೋಟೊಗೆ ಬರುತ್ತದೆ. ಶಾಲೆಗೆ ಗಣಿತದ ಮಾಸ್ತರರನ್ನು ತಂದರೆ ಕಲ್ಲಿನ ಫಲಕ ಎಲ್ಲಿ ನೆಡುವುದು? ಇದಕ್ಕೆ ತದ್ವಿರುದ್ಧ ಬೀದರ–ಕಲಬುರಗಿ ರೈಲು ಮಾರ್ಗ. 110 ಕಿಲೋಮೀಟರ್ ಹಳಿ ಹಾಕಲು ಹಲವು ಸರ್ಕಾರಗಳು, ಹಲವು ರೈಲ್ವೆ ಮಂತ್ರಿಗಳು ಸವೆದರು. 2017ರ ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿ ಬೀದರಿನಲ್ಲಿ ಹಸಿರು ನಿಶಾನೆ ತೋರಿಸಿದಾಗ ಅದಕ್ಕೆ ತಂದೆಯರು ಬಹಳ ಮಂದಿ ಇದ್ದರು. ಅಷ್ಟು ಹಕ್ಕುದಾರರಿರುವ ಕೆಲಸಕ್ಕೆ ಒಬ್ಬ ಶಾಸಕ ಯಾಕೆ ಬೆವರು ಸುರಿಸುತ್ತಾನೆ?

ಇದೇ ಪಂಥದ ಇನ್ನೊಂದು ಕವಲು ವಂತಿಗೆಯ ಲೆಕ್ಕ ಹೇಳುತ್ತದೆ. ಊರ ಜಾತ್ರೆಗೆ ಎಲ್ಲರೂ ವಂತಿಗೆ ಹಾಕಿ, ಖರ್ಚು ಮಾತ್ರ ಅವರವರ ಓಣಿಯವರು ಹೇಳಿದಂತೆ ಆಗುತ್ತದೆ ಎಂದುಕೊಳ್ಳಿ. ನನ್ನ ಓಣಿಗೆ ನೂರು ರೂಪಾಯಿಯ ಪೆಂಡಾಲು ಬಂದರೆ ಅದರಲ್ಲಿ ನನ್ನ ಪಾಲಿನ ವಂತಿಗೆ ಎಂಟಾಣೆ. ಅರವತ್ತು ರೂಪಾಯಿಯ ಉಪಯೋಗಕ್ಕೆ ನೂರು ರೂಪಾಯಿ ಸುರಿದರೂ ನನಗೆ ಲಾಭವೇ. ಎಲ್ಲ ಓಣಿಗಳೂ ಹೀಗೇ ಯೋಚಿಸಿದರೆ ಜಾತ್ರೆ ಸಾಲದಲ್ಲಿ ಮುಗಿಯುತ್ತದೆ. ವೈನ್‌ಗಾಸ್ಟ್, ಶೆಪ್‌ಸಲ್, ಜಾನ್ಸನ್ 1981ರಲ್ಲಿ ಇದನ್ನೇ ಗಣಿತದಲ್ಲಿ ಬರೆದರು. ಕ್ಷೇತ್ರಗಳು ಹೆಚ್ಚಿದಷ್ಟೂ ಪೋಲು ಹೆಚ್ಚು ಎಂಬುದು ಅವರ ತೀರ್ಮಾನ. ಇದರ ಪ್ರಸಿದ್ಧ ಉದಾಹರಣೆ ಅಲಾಸ್ಕದ ‘ಎಲ್ಲಿಗೂ ಹೋಗದ ಸೇತುವೆ’. ಸುಮಾರು ಐವತ್ತು ಜನ ವಾಸಿಸುವ ಗ್ರವೀನಾ ದ್ವೀಪಕ್ಕೆ 2005ರಲ್ಲಿ 22 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಅಮೆರಿಕದ ಸಂಸತ್ತು ಗುರುತು ಮಾಡಿತ್ತು. ಗದ್ದಲದ ಬಳಿಕ ಸೇತುವೆ ಕೈಬಿಟ್ಟರು. 2011ರಲ್ಲಿ ಅಂಥ ಗುರುತಿನ ಅನುದಾನಗಳನ್ನೇ ನಿಲ್ಲಿಸಿದರು. ಹತ್ತು ವರ್ಷಕ್ಕೆ ಮತ್ತೆ ತಂದರು.

ಹಣ ಯಾರಿಗೆ ಹೋಗುತ್ತದೆ ಎಂಬಲ್ಲಿ ಪಂಥ ಒಡೆಯುತ್ತದೆ. ತನ್ನ ಗಟ್ಟಿ ಮತದಾರರಿಗೆ ಎಂದರು ಕಾಕ್ಸ್ ಮತ್ತು ಮೆಕ್‌ಕಬಿನ್ಸ್. ಅತ್ತ ಇತ್ತ ತೂಗುವವರಿಗೆ ಎಂದರು ಲಿಂಡ್‌ಬೆಕ್ ಮತ್ತು ವೈಬುಲ್. ಭಾರತದ ಅಂಕಿಗಳಲ್ಲಿ ಮೂರನೆಯ ಅಂಶವೊಂದು ಎದ್ದು ಕಾಣುತ್ತದೆ: ಮೇಲಿನ ಸರ್ಕಾರದ ಪಕ್ಷವೂ ಕೆಳಗಿನದೂ ಒಂದೇ ಆಗಿರುವುದು. ಕೇಂದ್ರದಿಂದ ರಾಜ್ಯಗಳಿಗೆ ಹೋಗುವ ಹಣವನ್ನು ಅಧ್ಯಯನ ಮಾಡಿದ ಅರುಳಾಂಪಲಂ, ದಾಸ್‌ಗುಪ್ತ, ಧಿಲ್ಲೋನ್, ದತ್ತಾ ಅವರ 2009ರ ಲೇಖನದ ಪ್ರಕಾರ, ಕೇಂದ್ರದ ಪಕ್ಷವೇ ಆಳುತ್ತಿದ್ದು ಮತವೂ ತೂಗಾಡುತ್ತಿರುವ ರಾಜ್ಯಕ್ಕೆ, ಎರಡೂ ಅಲ್ಲದ ರಾಜ್ಯಕ್ಕಿಂತ ಸುಮಾರು ಶೇ 16ರಷ್ಟು ಹೆಚ್ಚು ಹಣ ಸಿಗುತ್ತದೆ.

ಕರ್ನಾಟಕದ ರಾಜಕಾರಣ ಈ ಮಾತನ್ನು ಬಹಿರಂಗವಾಗಿಯೇ ಒಪ್ಪಿಕೊಂಡಂತಿದೆ. 2018ರ ಜುಲೈನಲ್ಲಿ ಎಚ್.ಡಿ. ಕುಮಾರಸ್ವಾಮಿ ಮಂಡಿಸಿದ ಬಜೆಟ್ಟನ್ನು ಹಾಸನ, ಮಂಡ್ಯ, ರಾಮನಗರದ ಬಜೆಟ್ ಎಂದು ಉತ್ತರದವರು ಹಂಗಿಸಿದರು. ಪ್ರತ್ಯೇಕ ರಾಜ್ಯದ ಕೂಗೂ ಎದ್ದಿತು. 2019ರಲ್ಲಿ ಆ ಸರ್ಕಾರ ಬಿದ್ದ ಮೇಲೆ ಮೈತ್ರಿ ಶಾಸಕರ ಕ್ಷೇತ್ರಗಳ ಕಾಮಗಾರಿಗಳಿಗೆ ತಡೆ ಬಿತ್ತೆಂಬ ದೂರು. 2023ರ ಮೇ ತಿಂಗಳಲ್ಲಿ ಹೊಸ ಕಾಂಗ್ರೆಸ್ ಸರ್ಕಾರವೂ ಹಿಂದಿನವರ ಕಾಮಗಾರಿ, ಪಾವತಿಗಳಿಗೆ ತಡೆ ಹಾಕಿತು. 2025ರ ಜುಲೈನಲ್ಲಿ ಕ್ಷೇತ್ರಕ್ಕೆ 50 ಕೋಟಿಯ ಘೋಷಣೆ ಹೊರಬಿದ್ದಾಗ ತಾರತಮ್ಯದ ಆರೋಪ ಮಾಡುವ ಸರದಿ ಬಿಜೆಪಿಯದು. ಪಾತ್ರಗಳು ಬದಲಾಗುತ್ತವೆ, ಸಂಭಾಷಣೆ ಅದೇ.

ಉಪಚುನಾವಣೆ ಬಂದಾಗ ಈ ಲೆಕ್ಕ ಬರಿಗಣ್ಣಿಗೂ ಕಾಣಿಸುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಬಸವಕಲ್ಯಾಣದ ಶಾಸಕ ಬಿ. ನಾರಾಯಣ ರಾವ್ ತೀರಿಕೊಂಡರು. ನವೆಂಬರ್‌ನಲ್ಲಿ ಯಡಿಯೂರಪ್ಪ ಸರ್ಕಾರ ಮರಾಠಾ ಅಭಿವೃದ್ಧಿ ನಿಗಮಕ್ಕೆ 50 ಕೋಟಿ ಪ್ರಕಟಿಸಿತು. ಆ ಕ್ಷೇತ್ರದಲ್ಲಿ ಮರಾಠರ ಸಂಖ್ಯೆ ದೊಡ್ಡದು. 2021ರ ಜನವರಿಯಲ್ಲಿ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು, 500 ಕೋಟಿಯ ಯೋಜನೆ. ಏಪ್ರಿಲ್‌ನಲ್ಲಿ ಮತದಾನ; ಗೆದ್ದದ್ದು ಬಿಜೆಪಿಯ ಶರಣು ಸಲಗರ. ಗೆಲುವಿಗೆ ಇವೇ ಕಾರಣವೆಂದು ಅಂಕಿಯಿಂದ ತೋರಿಸುವುದು ಕಷ್ಟ. ಅನುಭವ ಮಂಟಪದ ಬೇಡಿಕೆ ಹಳೆಯದು, ನ್ಯಾಯವಾದದ್ದು ಕೂಡ. ಕ್ಯಾಲೆಂಡರ್ ಮಾತ್ರ ತನ್ನ ಮಾತನ್ನು ತಾನೇ ಹೇಳುತ್ತದೆ.

ಈ ಪಂಥ ಎಡವುವ ಜಾಗವೂ ನಮ್ಮಲ್ಲೇ ಇದೆ. ನೂರಕ್ಕೂ ಹೆಚ್ಚು ದೇಶಗಳ ರಾತ್ರಿಯ ಉಪಗ್ರಹ ಚಿತ್ರ ನೋಡಿದ ಹೋಡ್ಲರ್ ಮತ್ತು ರಾಷ್ಕಿ, ನಾಯಕ ಹುಟ್ಟಿದ ಪ್ರದೇಶದಲ್ಲಿ ದೀಪ ಹೆಚ್ಚು ಬೆಳಗುತ್ತದೆ ಎಂದರು. ಕಲಬುರಗಿ ಸೀಮೆ ವೀರೇಂದ್ರ ಪಾಟೀಲರನ್ನು ಎರಡು ಸಲ, ಧರ್ಮಸಿಂಗ್ ಅವರನ್ನು ಒಂದು ಸಲ ಮುಖ್ಯಮಂತ್ರಿಯಾಗಿ ಕೊಟ್ಟಿತು. ಮಲ್ಲಿಕಾರ್ಜುನ ಖರ್ಗೆ ಕೇಂದ್ರದಲ್ಲಿ ಕಾರ್ಮಿಕ ಮಂತ್ರಿಯಾಗಿದ್ದಾಗ ಅಲ್ಲಿಗೆ ಇಎಸ್‌ಐ ವೈದ್ಯಕೀಯ ಕಾಲೇಜು ಬಂತು. ಇಷ್ಟಾಗಿಯೂ ಹಿಂದುಳಿದ ಪ್ರದೇಶಗಳ ಪಟ್ಟಿಯಿಂದ ಆ ಜಿಲ್ಲೆಯ ಹೆಸರು ಅಳಿಯಲಿಲ್ಲ. ಬೀದರಿಗಂತೂ ಮುಖ್ಯಮಂತ್ರಿ ಗಾದಿ ಒಮ್ಮೆಯೂ ಸಿಕ್ಕಿಲ್ಲ, ಆದ್ದರಿಂದ ನಮಗೆ ಹೋಲಿಸಿ ನೋಡುವ ಸೌಭಾಗ್ಯವೂ ಇಲ್ಲ.

ಗುತ್ತಿಗೆದಾರನ ಕಡೆಯಿಂದ ನೋಡಿದವರು

ಎರಡನೆಯ ಪಂಥಕ್ಕೆ ಮತದಾರ ಮುಖ್ಯನಲ್ಲ. ರಸ್ತೆಯ ಮೇಲೆ ನಡೆಯುವವನಿಗಿಂತ ರಸ್ತೆ ಮಾಡುವವನನ್ನು ನೋಡಿ ಎನ್ನುತ್ತದೆ ಅದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಗುತ್ತಿಗೆ ಹಂಚುವುದರಲ್ಲಿ ಶಾಸಕರಿಗೆ ಅಧಿಕೃತ ಪಾತ್ರವೇ ಇಲ್ಲ. ಆದರೂ ಲೆಹ್ನೆ, ಶಪಿರೊ, ವಾಂಡೆನ್ ಐಂಡೆ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಲ್ಪ ಅಂತರದಲ್ಲಿ ಫಲಿತಾಂಶ ಬಂದ ಕ್ಷೇತ್ರಗಳನ್ನು ತೆಗೆದುಕೊಂಡು, ಗೆದ್ದವರ ಅಡ್ಡಹೆಸರೇ ಇರುವ ಗುತ್ತಿಗೆದಾರರ ಪಾಲು ಚುನಾವಣೆಯ ನಂತರ ಶೇ 4ರ ಆಸುಪಾಸಿನಿಂದ 7ರ ಆಸುಪಾಸಿಗೆ ಏರುವುದನ್ನು ತೋರಿಸಿದರು. ಅಂಥ ಗುತ್ತಿಗೆಯ ರಸ್ತೆಗಳು ದಾಖಲೆಯಲ್ಲಿ ಮುಗಿದಿದ್ದು ನೆಲದ ಮೇಲೆ ಇಲ್ಲದಿರುವ ಸಾಧ್ಯತೆಯೂ ಹೆಚ್ಚು. ಅಡ್ಡಹೆಸರಿನಿಂದ ನಂಟು ಅಳೆಯುವುದು ಒರಟು ಅಳತೆ. ನಮ್ಮ ಭಾಗದಲ್ಲಿ ಪಾಟೀಲ, ರಾಠೋಡ, ಬಿರಾದಾರ ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ಆದರೂ ಏರಿಕೆ ಚುನಾವಣೆಯ ಬಳಿಕವೇ ಆಗುವುದನ್ನು ಕಾಕತಾಳೀಯ ಎನ್ನುವುದು ಕಷ್ಟ.

ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಸಂಶೋಧಕರಿಗಿಂತ ಮುಂಚೆ ಬೀದಿಗೆ ತಂದವರು ಗುತ್ತಿಗೆದಾರರೇ. 2021ರ ಜುಲೈನಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ಪ್ರಧಾನಿಗೆ ಪತ್ರ ಬರೆದು ಶೇ 40ರ ಕಮಿಷನ್ನಿನ ಆರೋಪ ಮಾಡಿತು. 2023ರ ಚುನಾವಣೆಯ ಘೋಷಣೆಯೇ ಅದಾಯಿತು. ಆಮೇಲೆ ಅದರ ತನಿಖೆಗೆ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ಬಂತು. ಈ ಚರ್ಚೆಯಲ್ಲಿ ಸಾಮಾನ್ಯರಿಗೆ ಕಾಣದ ಒಂದು ಪುಟ್ಟ ಕಿಟಕಿಯಿದೆ. 1999ರ ಪಾರದರ್ಶಕತೆ ಕಾಯ್ದೆಯ ‘4ಜಿ ವಿನಾಯಿತಿ’ ಅದು, ಟೆಂಡರ್ ಕರೆಯದೆ ಕೆಲಸ ಒಪ್ಪಿಸುವ ಅವಕಾಶ. ಮೊದಲು ಲ್ಯಾಂಡ್ ಆರ್ಮಿ ಎನಿಸಿಕೊಂಡಿದ್ದ ಕೆಆರ್‌ಐಡಿಎಲ್‌ಗೆ, ನಿರ್ಮಿತಿ ಕೇಂದ್ರಕ್ಕೆ ಕೆಲಸ ಕೊಡಿ ಎಂದು ಶಾಸಕರು ಪತ್ರ ಬರೆಯುವುದರ ಹಿಂದಿನ ಅನುಕೂಲ ಇದರಿಂದ ಅರ್ಥವಾದೀತು. ಮತದ ಪಂಥ ‘ಕಾಮಗಾರಿ ಎಲ್ಲಿ?’ ಎಂದು ಕೇಳಿದರೆ, ಈ ಪಂಥ ‘ಯಾವ ಏಜೆನ್ಸಿ?’ ಎಂದು ಕೇಳುತ್ತದೆ. ಎರಡನೆಯ ಪ್ರಶ್ನೆಯೇ ಹೆಚ್ಚು ಹರಿತ ಎಂಬುದು ನನ್ನ ಅನಿಸಿಕೆ.

‘ಅದರಲ್ಲಿ ತಪ್ಪೇನು?’

ಪ್ರತಿನಿಧಿ ಎಂದ ಮೇಲೆ ತನ್ನ ಜನರಿಗಾಗಿ ಕೇಳಬೇಕಲ್ಲವೆ? ಈ ವಾದವನ್ನು ಹಗುರವಾಗಿ ತಳ್ಳುವಂತಿಲ್ಲ. ಸಂಸದರ ನಿಧಿ ಸಂವಿಧಾನಕ್ಕೆ ವಿರುದ್ಧ ಎಂಬ ಭೀಮ್ ಸಿಂಗ್ ಅರ್ಜಿಯನ್ನು 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ತಳ್ಳಿಹಾಕಿತು. ಸಂಸದ ಶಿಫಾರಸು ಮಾಡುತ್ತಾನೆ, ಜಿಲ್ಲಾಡಳಿತ ಜಾರಿ ಮಾಡುತ್ತದೆ, ಅಧಿಕಾರ ವಿಭಜನೆಗೆ ಇದರಿಂದ ಧಕ್ಕೆಯಿಲ್ಲ ಎಂದಿತು. ಎದುರು ಪಕ್ಷದಲ್ಲಿದ್ದವರು ಸಾಮಾನ್ಯರಲ್ಲ. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷತೆಯ ಸಂವಿಧಾನ ಪರಿಶೀಲನಾ ಆಯೋಗ 2002ರಲ್ಲಿ, ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲಿ, ಈ ನಿಧಿಗಳನ್ನು ನಿಲ್ಲಿಸಿ ಎಂದೇ ಹೇಳಿದ್ದವು. ನಿಲ್ಲಿಸಿ ಎಂದ ಇಬ್ಬರೂ ಕನ್ನಡಿಗರು, ನಿಧಿಯನ್ನು ಬಿಡದವರಲ್ಲಿ ಕನ್ನಡ ನಾಡಿನ ಎಲ್ಲ ಪಕ್ಷಗಳೂ ಇವೆ.

ಅಮೆರಿಕದ ಜೆನಿಫರ್ ಬಸೆಲ್ ಭಾರತದ ಶಾಸಕರ ದಿನಚರಿ ಹಿಡಿದು ಅಧ್ಯಯನ ಮಾಡಿ, ಬಾಗಿಲಿಗೆ ಬಂದವರ ಕೆಲಸ ಮಾಡಿಕೊಡುವಾಗ ಬಹಳ ಶಾಸಕರು ಪಕ್ಷ ನೋಡುವುದಿಲ್ಲ ಎಂದು 2019ರ ಪುಸ್ತಕದಲ್ಲಿ ಬರೆದರು. ಕೆಳಹಂತದ ಪುಢಾರಿ ತಡೆದ ಕೆಲಸವನ್ನು ಮೇಲಿನ ಶಾಸಕ ಬಿಡಿಸುತ್ತಾನೆ. ಈ ಮಾತಿಗೆ ಬೀದರಿನಿಂದಲೂ ಒಂದು ಬೆಂಬಲವಿದೆ. ಬೀದರ–ಮೇದಕ ಗಡಿಯ ಹಳ್ಳಿಗಳೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳಲ್ಲಿ ಬೆಸ್ಲಿ, ಪಾಂಡೆ, ವಿಜಯೇಂದ್ರ ರಾವ್ ಮತ್ತು ಜತೆಯವರು ನಡೆಸಿದ ಅಧ್ಯಯನದಲ್ಲಿ, ಗ್ರಾಮ ಪಂಚಾಯತ್ ಅಧ್ಯಕ್ಷರ ಸ್ವಂತ ಹಳ್ಳಿಗೆ ಸೌಕರ್ಯ ಹೆಚ್ಚು ಸಿಗುವುದು ಕಂಡುಬಂತು. ಅಂದರೆ ಅಧಿಕಾರ ಹಳ್ಳಿಗಿಳಿದರೆ ಪಕ್ಷಪಾತ ಅಳಿಯುತ್ತದೆಂಬ ಭರವಸೆ ಬೇಡ. ಪಕ್ಷಪಾತವೂ ಜತೆಗೇ ಇಳಿಯುತ್ತದೆ. ದೂರದ ಕೆನ್ಯಾದ ಅನುಭವ ಬೇರೆ. ಅಲ್ಲಿ ಅಧ್ಯಕ್ಷರ ಬುಡಕಟ್ಟಿನ ಜಿಲ್ಲೆಗಳಿಗೆ ರಸ್ತೆಯ ಹಣ ದುಪ್ಪಟ್ಟು ಹರಿಯುತ್ತಿತ್ತು, ಬಹುಪಕ್ಷ ಪ್ರಜಾಪ್ರಭುತ್ವದ ಅವಧಿಗಳಲ್ಲಿ ಆ ತಾರತಮ್ಯ ಕಾಣದಾಯಿತು ಎನ್ನುತ್ತದೆ ಬರ್ಜೆಸ್ ಮತ್ತು ಸಂಗಡಿಗರ ಅಧ್ಯಯನ.

ಸಮರ್ಥಕರ ಇನ್ನೊಂದು ಮಾತು: ಅನುದಾನ ಸರ್ಕಾರದ ಚಕ್ರಕ್ಕೆ ಕೀಲೆಣ್ಣೆ. ಎಣ್ಣೆ ಬತ್ತಿದರೆ ಚಕ್ರ ಕಿರುಗುಟ್ಟುತ್ತದೆ. 2019ರ ಜುಲೈನಲ್ಲಿ ಮೈತ್ರಿ ಸರ್ಕಾರ ಬೀಳಿಸಿ ಅನರ್ಹಗೊಂಡ 17 ಶಾಸಕರಲ್ಲಿ ಹಲವರು ಹೇಳಿದ ಕಾರಣ ಒಂದೇ, ‘ಕ್ಷೇತ್ರಕ್ಕೆ ಅನುದಾನ ಸಿಗುತ್ತಿರಲಿಲ್ಲ’. ನಂಬುವುದು ಬಿಡುವುದು ಅವರವರ ಇಷ್ಟ. ಆದರೆ ಪಕ್ಷಾಂತರಕ್ಕೂ ಮರ್ಯಾದೆ ತಂದುಕೊಡಬಲ್ಲ ಏಕೈಕ ನೆಪ ಅನುದಾನ ಎಂಬುದನ್ನು ಅವರು ಸರಿಯಾಗಿಯೇ ಗುರುತಿಸಿದ್ದರು.

ಸೂತ್ರದ ಪಕ್ಷ

ನಾಲ್ಕನೆಯವರು ಯಾರ ಗುಣವನ್ನೂ ಚರ್ಚಿಸುವುದಿಲ್ಲ, ಸೂತ್ರ ಬರೆಯಿರಿ ಎನ್ನುತ್ತಾರೆ. ಈ ಪಕ್ಷಕ್ಕೆ ಕರ್ನಾಟಕ ಕೊಟ್ಟಷ್ಟು ಸಾಮಗ್ರಿಯನ್ನು ಕೆಲವೇ ರಾಜ್ಯಗಳು ಕೊಟ್ಟಿವೆ. 2000ದಲ್ಲಿ ನೇಮಕವಾಗಿ 2002ರಲ್ಲಿ ವರದಿ ಕೊಟ್ಟ ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಹಿಡಿದು ಅಂದಿನ 175 ತಾಲ್ಲೂಕುಗಳನ್ನು ತೂಗಿತು. 114 ಹಿಂದುಳಿದವು ಎಂದಿತು; ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದವು, ಔರಾದವೂ ಅಲ್ಲಿತ್ತು. ಎಂಟು ವರ್ಷದಲ್ಲಿ 31,000 ಕೋಟಿ ಎಂದು ಸಮಿತಿ ಹೇಳಿದ ಮಾತು ಮುಂದೆ ಪ್ರತಿ ಬಜೆಟ್ ಅಧಿವೇಶನದ ಪಲ್ಲವಿಯಾಯಿತು.

ಅದಕ್ಕೂ ಮೊದಲೇ ಈ ಭಾಗದ ಹೋರಾಟಗಾರ ವೈಜನಾಥ ಪಾಟೀಲರಂಥವರು ಸಂವಿಧಾನದ ಬಾಗಿಲು ತಟ್ಟುತ್ತಿದ್ದರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂತು. ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿ, ಅಭಿವೃದ್ಧಿ ವೆಚ್ಚದಲ್ಲಿ ನ್ಯಾಯದ ಪಾಲು, ಶಿಕ್ಷಣ–ಉದ್ಯೋಗದಲ್ಲಿ ಮೀಸಲಾತಿ. ಈ ಮಂಡಳಿ ನಂಜುಂಡಪ್ಪ ಸೂಚ್ಯಂಕವನ್ನು ನೆಚ್ಚಿ ಹಣ ಹಂಚುತ್ತದೆ. ಇಲ್ಲಿ ದುಡ್ಡು ‘ಬರುತ್ತದೆ’ ಎನ್ನಬಹುದು. ಔರಾದದ ಶಾಸಕ ಯಾವ ಪಕ್ಷದವರಾದರೂ ತಾಲ್ಲೂಕಿನ ಪಾಲು ಸೂತ್ರ ಹೇಳಿದಷ್ಟು. ಕಾಗದದಲ್ಲಂತೂ ಹೀಗೇ.

ಆದರೆ ಸೂತ್ರ ತಾಲ್ಲೂಕಿನ ಗಡಿಕಲ್ಲಿನ ತನಕ ನಡೆದು ಬಂದು ಅಲ್ಲಿಯೇ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ, ಯಾವ ಹೋಬಳಿಗೆ, ಯಾವ ಹಳ್ಳಿಗೆ, ಯಾವ ತಾಂಡಾಕ್ಕೆ ಎಂಬ ಕ್ರಿಯಾಯೋಜನೆ ಶಾಸಕರ ಶಿಫಾರಸಿನಿಂದ ತಯಾರಾಗುತ್ತದೆ. ಹೀಗೆ ‘ಬಂದ’ ಅನುದಾನ ಗಡಿ ದಾಟಿದೊಡನೆ ‘ತಂದ’ ಅನುದಾನವಾಗಿ ವೇಷ ಬದಲಿಸುತ್ತದೆ. ಈ ವೇಷಾಂತರವನ್ನು ಮೇಲೆ ಹೇಳಿದ ಯಾವ ಪಂಥವೂ ಸರಿಯಾಗಿ ನೋಡಿಲ್ಲ. ಮತದವರು ಕ್ಷೇತ್ರ ಕ್ಷೇತ್ರಗಳ ನಡುವಿನ ಅಂತರ ಅಳೆದರು, ಸೂತ್ರದವರು ತಾಲ್ಲೂಕು ತಾಲ್ಲೂಕುಗಳ ನಡುವಿನ ಅಂತರ ಅಳೆದರು. ಕ್ಷೇತ್ರದ ಹೊಟ್ಟೆಯೊಳಗೆ ನಡೆಯುವ ಹಂಚಿಕೆ ಇಬ್ಬರ ಮಾಪನಕ್ಕೂ ಸಿಗಲಿಲ್ಲ.

ಮೊದಲು ಅಲ್ಲಿ ಇನ್ನೊಬ್ಬ ಪಾಲುದಾರ ಇದ್ದ. ಜಿಲ್ಲಾ ಪಂಚಾಯತ್, ತಾಲ್ಲೂಕು ಪಂಚಾಯತ್ ಸದಸ್ಯರು ತಮ್ಮ ತಮ್ಮ ಹೋಬಳಿಯ ಪರವಾಗಿ ಗುದ್ದಾಡುತ್ತಿದ್ದರು. ಆ ಚುನಾವಣೆ ಕೊನೆಯ ಸಲ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು, ನಾಲ್ಕು ವರ್ಷ ಕಳೆದರೂ ಹೊಸ ಸದಸ್ಯರು ಬರಲಿಲ್ಲ, ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕೂತರು. ಮೂರು ಪಕ್ಷಗಳೂ ಒಂದಲ್ಲ ಒಂದು ಸಲ ಆಳಿದ ರಾಜ್ಯದಲ್ಲಿ ಈ ವಿಳಂಬಕ್ಕೆ ಯಾರೂ ಗಟ್ಟಿ ದನಿಯಲ್ಲಿ ಅಳದಿರುವುದು ಕುತೂಹಲದ ಸಂಗತಿ.

ಇತ್ಯರ್ಥವಾಗದೆ ಉಳಿದದ್ದು

ಅನುದಾನ ಮತ ತರುತ್ತದೆಯೇ ಎಂಬ ಮೂಲಪ್ರಶ್ನೆಯೇ ಇನ್ನೂ ತೀರ್ಮಾನವಾಗಿಲ್ಲ. ಕೀಫರ್ ಮತ್ತು ಸ್ತುತಿ ಖೇಮಾನಿ 2009ರಲ್ಲಿ ಭಾರತದ ಸಂಸದರ ನಿಧಿಯ ಲೆಕ್ಕ ನೋಡಿ, ಪಕ್ಷದ ಭದ್ರಕೋಟೆಗಳಲ್ಲಿ ಸಂಸದರು ನಿಧಿ ಬಳಸುವುದೇ ಕಡಿಮೆ ಎಂದರು. ಪಕ್ಷಕ್ಕೇ ಮತ ಬೀಳುವುದಾದರೆ ಓಡಾಟ ಯಾಕೆ ಎಂಬ ಲೆಕ್ಕಾಚಾರ. ಔರಾದ, ಭಾಲ್ಕಿಗಳಲ್ಲಿ ನಾಲ್ಕು ಸಲ ಗೆದ್ದದ್ದು ಪಕ್ಷವೋ ವ್ಯಕ್ತಿಯೋ ಅನುದಾನವೋ? ವಿರೋಧ ಪಕ್ಷದ ವರ್ಷಗಳಲ್ಲೂ ಇಬ್ಬರೂ ಗೆದ್ದಿದ್ದಾರೆ: 2018ರಲ್ಲಿ, ಕಾಂಗ್ರೆಸ್ ಐದು ವರ್ಷ ಆಳಿದ ಬೆನ್ನಿಗೇ, ಚವ್ಹಾಣ, 2023ರಲ್ಲಿ, ಬಿಜೆಪಿ ಆಳ್ವಿಕೆಯ ಬೆನ್ನಿಗೇ, ಖಂಡ್ರೆ. ಮೇಲಿನ ಸರ್ಕಾರ ತಮ್ಮದಾಗಿದ್ದರೆ ಮಾತ್ರ ಕ್ಷೇತ್ರ ಉಳಿಯುತ್ತದೆ ಎಂಬ ವಾದಕ್ಕೆ ಈ ಜೋಡಿ ಸುಲಭವಾಗಿ ಒಗ್ಗುವುದಿಲ್ಲ.

ಮೇಲಿನ ಸರ್ಕಾರದ ಜತೆ ಪಕ್ಷ ಹೊಂದಿದ್ದರೆ ಲಾಭ ಸಿಗುವುದು ಯಾವ ದಾರಿಯಿಂದ ಎಂಬುದೂ ಸ್ಪಷ್ಟವಿಲ್ಲ. ಆಶರ್ ಮತ್ತು ನೊವೊಸಾದ್ 2017ರ ಲೇಖನದಲ್ಲಿ, ಆಡಳಿತ ಪಕ್ಷದ ಶಾಸಕರಿರುವ ಕ್ಷೇತ್ರದಲ್ಲಿ ಖಾಸಗಿ ಉದ್ಯೋಗ ಹೆಚ್ಚು ಬೆಳೆಯುವುದನ್ನು ಕಂಡರು. ಅದರ ಗುಟ್ಟು ಸರ್ಕಾರದ ಖರ್ಚಿಗಿಂತ ಅಧಿಕಾರಿಗಳ ಮೇಲಿನ ಹಿಡಿತದಲ್ಲಿದೆ ಎಂದು ಅವರು ಓದಿದರು. ಹಾಗಿದ್ದರೆ ಅನುದಾನ ಎಣಿಸುತ್ತ ಕೂತ ನಾವು ತಪ್ಪು ಗಂಟು ಬಿಚ್ಚುತ್ತಿದ್ದೇವೇನೊ. ವರ್ಗಾವಣೆಯ ಪತ್ರಗಳನ್ನು ಎಣಿಸಬೇಕಿತ್ತು.

ಗೃಹಲಕ್ಷ್ಮಿಯಂಥ ಗ್ಯಾರಂಟಿ ಯೋಜನೆಗಳು ಹೊಸ ತಿರುವು ಕೊಟ್ಟಿವೆ. ವರ್ಷಕ್ಕೆ 50,000 ಕೋಟಿಗೂ ಹೆಚ್ಚು ಹಣ ಶಾಸಕರ ಸಹಿ ಇಲ್ಲದೆ ಮನೆಗೆ ತಲುಪುತ್ತಿದೆ. ಅಭಿವೃದ್ಧಿಗೆ ಈ ವರ್ಷ ಹಣವಿಲ್ಲ ಎಂದು 2023ರ ಜುಲೈನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದಾಗ ಗೊಣಗಿದವರು ಆಡಳಿತ ಪಕ್ಷದ ಶಾಸಕರೇ. ‘ಬರುವ’ ಹಣ ಇಷ್ಟು ದೊಡ್ಡದಾದ ಮೇಲೆ ‘ತರುವ’ ಶಾಸಕನ ತೂಕ ಕುಗ್ಗುತ್ತದೆಯೇ, ಇಲ್ಲವೆ ಅಪರೂಪವಾದಷ್ಟೂ ಅವನ ರಸ್ತೆಗೆ ಬೆಲೆ ಏರುತ್ತದೆಯೇ? 2025ರ 50 ಕೋಟಿಯ ಘೋಷಣೆ ಎರಡನೆಯದರ ಕಡೆ ಬೆರಳು ತೋರುತ್ತದೆ, ಆದರೆ ಒಂದು ಘೋಷಣೆಯಿಂದ ತೀರ್ಪು ಕೊಡಲಾಗದು.

ಇನ್ನು ಅಳತೆಯ ಪ್ರಶ್ನೆ. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ತೂಗಲು ಎಂ. ಗೋವಿಂದ ರಾವ್ ಅಧ್ಯಕ್ಷತೆಯ ಸಮಿತಿಯನ್ನು ಸರ್ಕಾರ 2024ರಲ್ಲಿ ನೇಮಿಸಿತು. ನಂಜುಂಡಪ್ಪನವರ 175ರ ಪಟ್ಟಿಯಲ್ಲಿ ಕಮಲನಗರ ಎಂಬ ತಾಲ್ಲೂಕೇ ಇರಲಿಲ್ಲ. ಠಾಣಾ ಕುಶನೂರದ ಹಿಂದುಳಿಯುವಿಕೆ ಔರಾದದ ಸರಾಸರಿಯಲ್ಲಿ ಕರಗಿಹೋಗಿತ್ತು. ಹೊಸ ತಾಲ್ಲೂಕುಗಳಿಗೆ ಹೊಸ ಅಂಕಿ ಕೊಟ್ಟರೂ ಹೋಬಳಿಯ ಮಟ್ಟ ಕತ್ತಲಲ್ಲೇ ಉಳಿಯುತ್ತದೆ. ಹಾಗೆಂದು ಮಾಹಿತಿಯೇ ಇಲ್ಲವೆಂದಲ್ಲ. ಪ್ರತಿ ಕಾಮಗಾರಿಯ ಹೆಸರಲ್ಲೇ ಊರಿನ ಹೆಸರಿರುತ್ತದೆ, ‘ಠಾಣಾ ಕುಶನೂರ ಗ್ರಾಮದಲ್ಲಿ ಸಿಸಿ ರಸ್ತೆ ಮತ್ತು ಚರಂಡಿ ನಿರ್ಮಾಣ’ ಎಂದು. ಆ ಸಾಲುಗಳು ಲೋಕೋಪಯೋಗಿ, ಪಂಚಾಯತ್ ರಾಜ್ ಎಂಜಿನಿಯರಿಂಗ್, ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರ, ಮಂಡಳಿ ಎಂದು ಬೇರೆ ಬೇರೆ ಕಡತಗಳಲ್ಲಿ ಹಂಚಿಹೋಗಿವೆ. 2008ರಿಂದ ಈಚಿನವನ್ನು ಔರಾದಕ್ಕೂ ಭಾಲ್ಕಿಗೂ ಒಟ್ಟುಗೂಡಿಸಿ, ಊರವಾರು ವಿಂಗಡಿಸಿ, ಪಕ್ಕದಲ್ಲಿ ಮತಗಟ್ಟೆಯ ಫಲಿತಾಂಶ ಇಟ್ಟು ನೋಡಿದರೆ ಮೇಲಿನ ಅರ್ಧ ವಾದಗಳಿಗಾದರೂ ಉತ್ತರ ಸಿಕ್ಕೀತು. ಮತಗಟ್ಟೆಯ ಲೆಕ್ಕ ಯಾವ ಪಕ್ಷದ ಕಾರ್ಯಕರ್ತನನ್ನು ಕೇಳಿದರೂ ಬಾಯಿಪಾಠ ಒಪ್ಪಿಸುತ್ತಾನೆ. ಕಾಮಗಾರಿಯ ಲೆಕ್ಕವೇ ಆಗಬೇಕಿರುವುದು.